ದೂರು ಹೇಳುವ ಗ್ರಾಹಕ: ಮನೆ-ವಿಡಿಯೋ ಉದ್ಯಮದಿಂದ ಕಲಿಯಬಹುದಾದ ಪಾಠ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿನ ಅನಗವಾಡಿಯಿಂದ ಪಶ್ಚಿಮಕ್ಕೆ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳವರೆಗೆ ಹಬ್ಬಿರುವ ಪ್ರದೇಶದಲ್ಲಿ ಬೆಲ್ಲ, ಸಕ್ಕರೆ ಮತ್ತು ಸೀರೆ ಮುಖ್ಯ ಸರಕುಗಳು. ಈ ಮೂರಕ್ಕೂ ಸಮಾನವಾದ ಒಂದು ಲಕ್ಷಣವಿದೆ. ಸರಕನ್ನು ತಯಾರಿಸಿದವನು ಅದನ್ನು ಬಳಸುವವನ ಮುಖವನ್ನು ನೋಡುವುದು ಅಪರೂಪ. ಇಬ್ಬರ ನಡುವೆ ದಲಾಲಿ, ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿಯವನು ಹೀಗೆ ಮೂರು ನಾಲ್ಕು ಮೆಟ್ಟಿಲುಗಳಿರುತ್ತವೆ. ಸರಕು ಮೆಟ್ಟಿಲಿಳಿದು ಗ್ರಾಹಕನನ್ನು ತಲುಪುತ್ತದೆ. ಗ್ರಾಹಕನ ಮಾತು ಮಾತ್ರ ಮೆಟ್ಟಿಲೇರಿ ತಯಾರಕನನ್ನು ತಲುಪುವುದಿಲ್ಲ.

ಈ ತೊಂದರೆಯನ್ನು ತೀವ್ರವಾಗಿ ಅನುಭವಿಸಿದ ಉದ್ಯಮಗಳಲ್ಲಿ ಚಲನಚಿತ್ರಗಳನ್ನು ಮನೆಯಲ್ಲಿ ನೋಡಲು ಒದಗಿಸುವ ಮನೆ-ವಿಡಿಯೋ ಉದ್ಯಮವೂ ಒಂದು. ಚಿತ್ರಪ್ರೇಮಿಗಳು ಸುಮ್ಮನಿರುವ ಗ್ರಾಹಕರಲ್ಲ. ಹಾಡೊಂದು ಕತ್ತರಿಸಿಹೋದರೆ, ಬಣ್ಣ ಮಾಸಿದ್ದರೆ, ಚಿತ್ರದ ಅಂಚು ಕಾಣೆಯಾಗಿದ್ದರೆ ಅವರು ಗುರುತಿಸುತ್ತಾರೆ ಮತ್ತು ಹೇಳುತ್ತಾರೆ. ಆ ಮಾತಿಗೆ ಕಂಪನಿಗಳು ಹೇಗೆ ನಡೆದುಕೊಂಡವು ಎಂಬುದರ ಅಧ್ಯಯನ ಸಣ್ಣ ತಯಾರಕರಿಗೆ ಉಪಯುಕ್ತವಾಗಬಲ್ಲದು.

ಬೆಲೆಯ ಉತ್ತರ

ವಿ.ಸಿ.ಪಿ. ಮತ್ತು ಬಣ್ಣದ ಟಿ.ವಿ.ಯನ್ನು ಬಾಡಿಗೆಗೆ ತಂದು, ಜಾತ್ರೆ ಅಥವಾ ಗಣೇಶ ಚೌತಿಯ ರಾತ್ರಿ ಎರಡು ಮೂರು ಚಿತ್ರಗಳನ್ನು ಒಟ್ಟಾಗಿ ನೋಡುತ್ತಿದ್ದ ಕಾಲವನ್ನು ಉತ್ತರ ಕರ್ನಾಟಕದ ಹಳ್ಳಿಗಳ ಹಿರಿಯರು ಬಲ್ಲರು. ಆಮೇಲೆ ವಿ.ಸಿ.ಡಿ. ಬಂದಿತು. ಒಂದು ವಿ.ಸಿ.ಡಿ.ಯಲ್ಲಿ ಸುಮಾರು 74ರಿಂದ 80 ನಿಮಿಷಗಳಷ್ಟು ಮಾತ್ರ ಚಿತ್ರ ಹಿಡಿಯುತ್ತಿದ್ದುದರಿಂದ ಒಂದು ಕನ್ನಡ ಚಿತ್ರಕ್ಕೆ ಎರಡು, ಕೆಲವೊಮ್ಮೆ ಮೂರು ಡಿಸ್ಕುಗಳು ಬೇಕಾಗುತ್ತಿದ್ದವು. ಅಧಿಕೃತ ಪ್ರತಿಯ ಬೆಲೆ ಸಾಮಾನ್ಯ ಕುಟುಂಬಕ್ಕೆ ಭಾರವಾಗಿತ್ತು. ಆದ್ದರಿಂದ ನಕಲಿ ಪ್ರತಿಗಳ ವ್ಯಾಪಾರ ಸಂತೆಯಿಂದ ಸಂತೆಗೆ ಬೆಳೆಯಿತು.

ಈ ಪರಿಸ್ಥಿತಿಯಲ್ಲಿ 2007ರಲ್ಲಿ ಮೋಸರ್ ಬೇರ್ ಕಂಪನಿಯು ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. 1983ರಲ್ಲಿ ಆರಂಭವಾಗಿ, ಫ್ಲಾಪಿ ಮತ್ತು ಖಾಲಿ ಡಿಸ್ಕುಗಳ ತಯಾರಿಕೆಯಲ್ಲಿ ಪ್ರಪಂಚದ ದೊಡ್ಡ ಕಂಪನಿಗಳ ಸಾಲಿಗೆ ಸೇರಿದ್ದ ಸಂಸ್ಥೆ ಅದು. ಡಿಸ್ಕನ್ನು ಸ್ವತಃ ತಯಾರಿಸುತ್ತಿದ್ದುದರಿಂದ ಇತರರಿಗೆ ಸಾಧ್ಯವಿಲ್ಲದ ಬೆಲೆ ಅದಕ್ಕೆ ಸಾಧ್ಯವಾಯಿತು. ನಕಲಿ ಪ್ರತಿಯ ಬೆಲೆಗೆ ಅಧಿಕೃತ ಪ್ರತಿ ದೊರೆಯುವಂತಾದಾಗ ಗ್ರಾಹಕರು ಸಂತೋಷದಿಂದ ಕೊಂಡರು. ಕಿರಾಣಿ ಅಂಗಡಿಗಳೂ ಡಿಸ್ಕುಗಳನ್ನು ತೂಗುಹಾಕಿದವು.

ಬೆಲೆಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಚಿತ್ರಪ್ರೇಮಿಗಳು ಎರಡನೆಯ ಪ್ರಶ್ನೆಯನ್ನು ಕೇಳತೊಡಗಿದರು. ಮುದ್ರಣ ಸ್ವಚ್ಛವಾಗಿದೆಯೇ? ಹಾಡುಗಳೆಲ್ಲ ಇವೆಯೇ? ಉಪಶೀರ್ಷಿಕೆ ಏಕಿಲ್ಲ? ಒಂದೇ ಡಿಸ್ಕಿನಲ್ಲಿ ಮೂರು ಚಿತ್ರಗಳನ್ನು ತುರುಕಿದರೆ ದೃಶ್ಯ ಮಬ್ಬಾಗುವುದಿಲ್ಲವೇ? ಕಂಪನಿಯ ಗುರುತನ್ನು ಚಿತ್ರದ ಮೂಲೆಯಲ್ಲಿ ಕೊನೆಯವರೆಗೂ ಏಕೆ ತೋರಿಸಬೇಕು? ದೇಶದ ಮನೆ-ವಿಡಿಯೋ ಮಾರುಕಟ್ಟೆಯಲ್ಲಿ ಇಂಥ ದೂರುಗಳು ಸಾಮಾನ್ಯವಾಗಿದ್ದವು. ಆದರೆ ಅಗ್ಗದ ಸರಕಿನ ದೂರನ್ನು ಅಂಗಡಿಯವನು ಬರೆದಿಟ್ಟುಕೊಳ್ಳುವುದಿಲ್ಲ. ಗ್ರಾಹಕನೂ 28 ರೂಪಾಯಿಗಾಗಿ ಎರಡನೆಯ ಬಾರಿ ಅಂಗಡಿಗೆ ಬರುವುದಿಲ್ಲ. ಬೆಲೆಯೊಂದರಿಂದಲೇ ಬಂದ ಗ್ರಾಹಕನು ಇನ್ನೂ ಅಗ್ಗವಾದುದು ದೊರೆತ ದಿನ ಹೊರಟುಹೋಗುತ್ತಾನೆ. ಮೊದಲು ಪೆನ್ ಡ್ರೈವ್, ನಂತರ ಮೊಬೈಲ್ ಇಂಟರ್ನೆಟ್ ಆ ದಿನವನ್ನು ತಂದವು. ಡಿಸ್ಕಿನ ಬೇಡಿಕೆ ಕುಸಿದುದರ ಜೊತೆಗೆ ಸೌರವಿದ್ಯುತ್ ಕ್ಷೇತ್ರದ ನಷ್ಟವೂ ಸೇರಿ ಮೋಸರ್ ಬೇರ್ ಸಾಲದಲ್ಲಿ ಮುಳುಗಿತು. 2017ರಲ್ಲಿ ಅದರ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಯಿತು. 2018ರಲ್ಲಿ ಕಂಪನಿಯ ಸಮಾಪನಕ್ಕೆ ಆದೇಶವಾಯಿತು. ಪತನಕ್ಕೆ ಕಾರಣಗಳು ಹಲವು. ಅಗ್ಗದ ಬೆಲೆ ಗ್ರಾಹಕನನ್ನು ಕರೆತರಬಲ್ಲದು, ಹಿಡಿದಿಡಲಾರದು ಎಂಬುದು ಮಾತ್ರ ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ.

ಕಪ್ಪು ಪಟ್ಟಿಯ ವಿವಾದ

ಇದೇ ಉದ್ಯಮದ ಇನ್ನೊಂದು ದಾರಿಯನ್ನು ಅಮೆರಿಕದ ಕ್ರೈಟೀರಿಯನ್ ಕಲೆಕ್ಷನ್ ಸಂಸ್ಥೆ ಹಿಡಿಯಿತು. 1984ರಲ್ಲಿ ಲೇಸರ್ ಡಿಸ್ಕುಗಳೊಂದಿಗೆ ಆರಂಭವಾದ ಈ ಸಂಸ್ಥೆ ಹಳೆಯ ಹಾಗೂ ಶ್ರೇಷ್ಠ ಚಿತ್ರಗಳನ್ನು ಸಂಸ್ಕರಿಸಿ ಹೆಚ್ಚಿನ ಬೆಲೆಗೆ ಮಾರುತ್ತ ಬಂದಿದೆ. ಅದರ ಗ್ರಾಹಕರು ಸಂಖ್ಯೆಯಲ್ಲಿ ಕಡಿಮೆ, ಬೇಡಿಕೆಯಲ್ಲಿ ಕಠಿಣ.

ಹಳೆಯ ಟಿ.ವಿ.ಯ ಪರದೆಯ ಅಗಲ ಮತ್ತು ಎತ್ತರ 4:3ರ ಪ್ರಮಾಣದಲ್ಲಿದ್ದವು. ಸಿನೆಮಾಸ್ಕೋಪ್ ಚಿತ್ರದ ಅಗಲವಾದರೋ ಎತ್ತರದ 2.35ರಷ್ಟು. ಅಂಥ ಚಿತ್ರವನ್ನು ಹಳೆಯ ಪರದೆಯ ತುಂಬ ಕಾಣುವಂತೆ ಮಾಡಬೇಕಾದರೆ ಶೇಕಡಾ 40ಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಬೇಕಾಗುತ್ತದೆ. ಪೂರ್ಣ ಚಿತ್ರವನ್ನು ಉಳಿಸಿಕೊಂಡರೆ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಉಳಿಯುತ್ತವೆ. ಅನೇಕ ನೋಡುಗರು ಈ ಪಟ್ಟಿಗಳನ್ನು ಕಂಡು ತಮಗೆ ಮೋಸವಾಯಿತೆಂದು ಭಾವಿಸಿದರು. ಕ್ರೈಟೀರಿಯನ್ ಆರಂಭದ ವರ್ಷಗಳಿಂದಲೇ ಪೂರ್ಣ ಚಿತ್ರದ ಪಕ್ಷವನ್ನು ಹಿಡಿಯಿತು. ಕಾಲಕ್ರಮದಲ್ಲಿ ಚಿತ್ರಪ್ರೇಮಿಗಳೇ ಕಪ್ಪು ಪಟ್ಟಿಯನ್ನು ಪೂರ್ಣತೆಯ ಗುರುತೆಂದು ಕೇಳಿ ಪಡೆಯತೊಡಗಿದರು.

ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ಗ್ರಾಹಕನ ಕಣ್ಣು ಹಳದಿ ಬೆಲ್ಲವನ್ನು ಹುಡುಕುತ್ತದೆ. ಆ ಬಣ್ಣಕ್ಕಾಗಿ ಹೈಡ್ರೋಸ್ ಎಂದು ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟನ್ನು ಬೆರೆಸುವುದುಂಟು. ರಾಸಾಯನಿಕವಿಲ್ಲದ ಬೆಲ್ಲ ಕಂದು ಬಣ್ಣದ್ದು, ನೋಟಕ್ಕೆ ಮಂಕು. ಗ್ರಾಹಕನ ಮೊದಲ ಮಾತನ್ನು ಕುರುಡಾಗಿ ಪಾಲಿಸಿದರೆ ಬೆಲ್ಲ ಕೆಡುತ್ತದೆ. ಮಾತನ್ನೇ ಕೇಳದಿದ್ದರೆ ಬೆಲ್ಲ ಉಳಿದುಹೋಗುತ್ತದೆ. ಬಣ್ಣ ಏಕೆ ಕಂದು ಎಂಬುದನ್ನು ತಿಳಿಸಿಹೇಳಿ ಮಾರುವವನಿಗೆ ಮಾತ್ರ ಕಂದು ಬಣ್ಣವೇ ಬೆಲೆಯನ್ನು ತಂದುಕೊಡುತ್ತದೆ.

ಒಪ್ಪಿಕೊಂಡ ತಪ್ಪು

ಕ್ರೈಟೀರಿಯನ್ ಇತಿಹಾಸದಲ್ಲಿ ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದ ಪ್ರಕರಣ 2013ರದು. ಅಲ್ಲಿಯವರೆಗೆ ಡಿ.ವಿ.ಡಿ. ಮತ್ತು ಬ್ಲೂ-ರೇ ಪ್ರತಿಗಳನ್ನು ಬೇರೆ ಬೇರೆಯಾಗಿ ಮಾರುತ್ತಿದ್ದ ಸಂಸ್ಥೆಯು ಆ ವರ್ಷದ ಕೊನೆಯಿಂದ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಲು ತೊಡಗಿತು. ದಾಸ್ತಾನಿನ ದೃಷ್ಟಿಯಿಂದ ಇದು ಜಾಣತನವೆನಿಸುವ ಕ್ರಮ: ಒಂದು ಚಿತ್ರಕ್ಕೆ ಒಂದೇ ಸರಕು, ಒಂದೇ ಲೆಕ್ಕ, ಅಂಗಡಿಯಲ್ಲಿ ಒಂದೇ ಜಾಗ. ಆದರೆ ಡಿ.ವಿ.ಡಿ. ಯಂತ್ರ ಮಾತ್ರ ಇದ್ದ ಗ್ರಾಹಕನು ತನಗೆ ಬೇಡವಾದ ಬ್ಲೂ-ರೇಗೂ ಹಣ ತೆರಬೇಕಾಯಿತು. ಗ್ರಾಹಕರು ಅಸಮಾಧಾನವನ್ನು ತಿಳಿಸಿದರು. ಸಂಸ್ಥೆಯು 2014ರಲ್ಲಿಯೇ ಆ ಪದ್ಧತಿಯನ್ನು ಕೈಬಿಡುವುದಾಗಿ ಬಹಿರಂಗವಾಗಿ ಹೇಳಿ, ಹಿಂದಿನಂತೆ ಬೇರೆ ಬೇರೆ ಪ್ರತಿಗಳಿಗೆ ಮರಳಿತು. ಒಂದು ವರ್ಷದೊಳಗೆ ತಪ್ಪನ್ನು ತಿದ್ದಿಕೊಳ್ಳಲು ಸಾಧ್ಯವಾದುದು ದೂರು ನೇರವಾಗಿ ತಲುಪಿದ್ದರಿಂದ.

ಗ್ರಾಹಕನ ಮಾತಿಗೆಲ್ಲ ತಲೆಬಾಗಬೇಕೆಂದು ಇದರ ಅರ್ಥವಲ್ಲ. 2008ರಲ್ಲಿ ಇದೇ ಸಂಸ್ಥೆ ‘ದಿ ಲಾಸ್ಟ್ ಎಂಪರರ್’ ಚಿತ್ರವನ್ನು ಚಿತ್ರಮಂದಿರದಲ್ಲಿ ಕಂಡದ್ದಕ್ಕಿಂತ ಕಡಿಮೆ ಅಗಲದಲ್ಲಿ ಹೊರತಂದಾಗ ಚಿತ್ರಪ್ರೇಮಿಗಳು ಕೆರಳಿದರು. ಛಾಯಾಗ್ರಾಹಕ ವಿತ್ತೋರಿಯೊ ಸ್ತೊರಾರೊ ಅವರ ಇಚ್ಛೆಯಂತೆ ಆ ಅಳತೆಯನ್ನು ಇಡಲಾಗಿತ್ತು. ಒಪ್ಪದವರು ಒಪ್ಪದೇ ಉಳಿದರು. ಆದರೆ ನಿರ್ಧಾರ ಯಾರದು, ಏಕೆ ಎಂಬುದು ಅವರಿಗೆ ತಿಳಿದಿತ್ತು. ಬದಲಾಯಿಸಲಾಗದ ಸಂಗತಿಗೆ ಕಾರಣವನ್ನಾದರೂ ಕೊಡಬೇಕು. ಕಾರಣ ಕೇಳಿದ ಗ್ರಾಹಕನು ಜಗಳವಾಡಬಹುದು, ಅವಮಾನಗೊಂಡು ಹೋಗುವುದಿಲ್ಲ.

ಇಂಥ ಸಂಬಂಧದ ಬೆಲೆ ಕಷ್ಟಕಾಲದಲ್ಲಿ ತಿಳಿಯುತ್ತದೆ. ಕ್ರೈಟೀರಿಯನ್ ಚಿತ್ರಗಳನ್ನು ಇಂಟರ್ನೆಟ್ ಮೂಲಕ ತೋರಿಸುತ್ತಿದ್ದ ಫಿಲ್ಮ್‌ಸ್ಟ್ರಕ್ ಸೇವೆಯನ್ನು ಅದರ ಒಡೆತನದ ಕಂಪನಿಯು 2018ರ ನವೆಂಬರಿನಲ್ಲಿ ಮುಚ್ಚಿತು. ಚಿತ್ರಪ್ರೇಮಿಗಳೂ ಹೆಸರಾಂತ ನಿರ್ದೇಶಕರೂ ಪ್ರತಿಭಟಿಸಿದರು. ಕ್ರೈಟೀರಿಯನ್ ತನ್ನದೇ ಸೇವೆಯನ್ನು ಆರಂಭಿಸುವುದಾಗಿ ಹೇಳಿ, ಮುಂಚಿತವಾಗಿಯೇ ಚಂದಾದಾರರಾಗುವಂತೆ ಕೋರಿತು. ಚಿತ್ರಪ್ರೇಮಿಗಳು ಮುಂದೆ ಬಂದರು. 2019ರ ಏಪ್ರಿಲ್‌ನಲ್ಲಿ ಹೊಸ ಸೇವೆ ಆರಂಭವಾಯಿತು. ವರ್ಷಗಟ್ಟಲೆ ದೂರು ಹೇಳುತ್ತಿದ್ದ ಗ್ರಾಹಕರೇ ಕಷ್ಟಕಾಲದಲ್ಲಿ ಬೆನ್ನಿಗೆ ನಿಂತರು.

ಕನ್ನಡದ ಉದಾಹರಣೆ

ಗ್ರಾಹಕನೊಡನೆ ನೇರ ಮಾತಿಗೆ ದೊಡ್ಡ ಬಂಡವಾಳ ಬೇಕೆಂಬ ಭಾವನೆಯನ್ನು ‘ಲೂಸಿಯಾ’ ಚಿತ್ರ ಅಳಿಸಿತು. ಹೊಸ ಚಿತ್ರಕ್ಕೆ ನಿರ್ಮಾಪಕರು ದೊರೆಯದಿದ್ದಾಗ ನಿರ್ದೇಶಕ ಪವನ್ ಕುಮಾರ್ ತಮ್ಮ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಬರೆದು ಪ್ರೇಕ್ಷಕರ ಮುಂದಿಟ್ಟರು. ಒಂದು ತಿಂಗಳೊಳಗೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿಗಳನ್ನು ಕೂಡಿಸಿದರು. 2013ರಲ್ಲಿ ಆ ಚಿತ್ರ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನು ಪಡೆದು, ಅದೇ ಸೆಪ್ಟೆಂಬರಿನಲ್ಲಿ ತೆರೆಕಂಡಿತು. ‘ಆಡಿಯನ್ಸ್ ಫಿಲ್ಮ್ಸ್’, ಅಂದರೆ ಪ್ರೇಕ್ಷಕರ ಚಿತ್ರಗಳು, ಎಂಬ ಹೆಸರನ್ನೇ ನಿರ್ಮಾಣ ಸಂಸ್ಥೆಗೆ ಇಡಲಾಯಿತು. ಇಲ್ಲಿ ಗ್ರಾಹಕನ ಮಾತು ಸರಕು ಸಿದ್ಧವಾಗುವ ಮುನ್ನವೇ ತಯಾರಕನನ್ನು ತಲುಪಿತ್ತು.

ಈ ಭಾಗದ ತಯಾರಕರು ಮಾಡಬಹುದಾದುದು

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗದಲ್ಲಿ ನೇಯ್ದ ಸೀರೆಯೊಂದು ದೂರದ ಊರಿನಲ್ಲಿ ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳೋಣ. ಎರಡನೆಯ ಒಗೆತಕ್ಕೆ ದಡಿಯ ಬಣ್ಣ ಬಿಟ್ಟಿತು. ಉಟ್ಟ ಹೆಣ್ಣುಮಗಳು ಅಂಗಡಿಯವನಿಗೆ ಹೇಳುತ್ತಾಳೆ, ಅಥವಾ ಹೇಳದೆ ಮುಂದಿನ ಸಲ ಬೇರೆ ಊರಿನ ಸೀರೆಯನ್ನು ಕೊಳ್ಳುತ್ತಾಳೆ. ಅಂಗಡಿಯವನು ಸಗಟು ವ್ಯಾಪಾರಿಗೆ ‘ಆ ಮಾಲು ಬೇಡ’ ಎನ್ನುತ್ತಾನೆ. ನೇಕಾರನಿಗೆ ತಲುಪುವುದು ‘ಈ ಸಲ ಆರ್ಡರು ಕಡಿಮೆ’ ಎಂಬ ಒಂದೇ ಮಾತು. ತಪ್ಪು ಬಣ್ಣದ್ದೋ, ನೂಲಿನದೋ, ಕಾಲದ್ದೋ ಅವನಿಗೆ ತಿಳಿಯದು. ಅವನು ಬೆಲೆ ಇಳಿಸುತ್ತಾನೆ, ಕೂಲಿಯೂ ಇಳಿಯುತ್ತದೆ, ಬಣ್ಣ ಮಾತ್ರ ಮೊದಲಿನಂತೆಯೇ ಬಿಡುತ್ತಿರುತ್ತದೆ. ಇಂಥಲ್ಲಿ ತಲುಪದ ದೂರಿನ ನಷ್ಟವನ್ನು ಮಗ್ಗದ ಮನೆಯೇ ಹೊರುತ್ತದೆ.

ಇದಕ್ಕೆ ಪರಿಹಾರವಾಗಿ ಕೆಳಗಿನ ಕ್ರಮಗಳನ್ನು ಸೂಚಿಸಬಹುದು.

1. ಪ್ರತಿಯೊಂದು ಸೀರೆಯ ಮಡಿಕೆಯಲ್ಲಿ, ಬೆಲ್ಲದ ಪ್ರತಿಯೊಂದು ಪೆಟ್ಟಿಗೆಯಲ್ಲಿ ತಯಾರಕನ ಹೆಸರು, ಊರು ಮತ್ತು ದೂರವಾಣಿ ಸಂಖ್ಯೆಯುಳ್ಳ ಚೀಟಿಯಿರಲಿ. ಸಗಟು ವ್ಯಾಪಾರಿ ಒಪ್ಪದಿದ್ದರೆ ತಯಾರಿಕೆಯ ತಂಡದ ಸಂಖ್ಯೆಯನ್ನಾದರೂ ಹಾಕಬೇಕು.

2. ದೂರುಗಳಿಗಾಗಿಯೇ ಒಂದು ವಹಿಯಿರಲಿ. ದಿನಾಂಕ, ಸರಕಿನ ತಂಡ, ಗ್ರಾಹಕನ ಮಾತು ಅವನದೇ ಶಬ್ದಗಳಲ್ಲಿ, ಕೊಟ್ಟ ಉತ್ತರ, ಮಾಡಿದ ಬದಲಾವಣೆ ಎಂಬ ಐದು ಅಂಕಣಗಳು ಸಾಕು.

3. ಒಂದೇ ದೂರು ಮೂರು ಸಲ ಬಂದರೆ ಅದನ್ನು ಗ್ರಾಹಕನ ಸ್ವಭಾವವೆಂದು ತಳ್ಳಿಹಾಕದೆ ಸರಕಿನ ದೋಷವೆಂದು ಭಾವಿಸಿ ಪರೀಕ್ಷಿಸಬೇಕು.

4. ಮೂರು ಬಗೆಯ ದೂರುಗಳನ್ನು ಬೇರ್ಪಡಿಸಬೇಕು. ತಿದ್ದಬೇಕಾದ ದೋಷ ಒಂದು: ಬಣ್ಣ ಬಿಡುವುದು, ತೂಕ ಕಡಿಮೆಯಾಗುವುದು. ವಿವರಿಸಬೇಕಾದ ಗುಣ ಇನ್ನೊಂದು: ಬೆಲ್ಲದ ಕಂದು ಬಣ್ಣ. ಅಭಿರುಚಿಯ ಭೇದ ಮೂರನೆಯದು. ಮೊದಲನೆಯದಕ್ಕೆ ಬದಲಿ ಸರಕು, ಎರಡನೆಯದಕ್ಕೆ ಕಾರಣ, ಮೂರನೆಯದಕ್ಕೆ ಸೌಜನ್ಯ.

5. ಬದಲಾವಣೆ ಮಾಡಿದ ಮೇಲೆ ದೂರು ಹೇಳಿದವನಿಗೆ ತಿಳಿಸಬೇಕು. ತನ್ನ ಮಾತಿನಿಂದ ಸರಕು ಸುಧಾರಿಸಿತೆಂದು ತಿಳಿದ ಗ್ರಾಹಕನು ಅದನ್ನು ನಾಲ್ಕು ಜನರಿಗೆ ಹೇಳುತ್ತಾನೆ.

ಅಭ್ಯಾಸ

ಪ್ರತಿಯೊಬ್ಬ ಸದಸ್ಯರೂ ಕಳೆದ ಆರು ತಿಂಗಳಲ್ಲಿ ಹಿಂದಿರುಗಿ ಬಂದ ಅಥವಾ ನಿಂತುಹೋದ ಆರ್ಡರುಗಳ ಪಟ್ಟಿಯನ್ನು ಮಾಡಬೇಕು. ಪ್ರತಿಯೊಂದರ ಎದುರು ಕಾರಣವನ್ನು ಬರೆಯಬೇಕು. ‘ಗೊತ್ತಿಲ್ಲ’ ಎಂದು ಬರೆಯಬೇಕಾದ ಸಾಲುಗಳನ್ನು ಎಣಿಸಬೇಕು. ಅಂಥ ಸಾಲುಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಬೆಲೆ ಇಳಿಸುವ ಮುನ್ನ ಒಂದು ದಿನದ ಕೆಲಸ ಬಿಟ್ಟು, ಸರಕು ಮಾರಾಟವಾಗುವ ಊರಿನ ಅಂಗಡಿಗೆ ಹೋಗಿ, ಕೊಳ್ಳಲು ಬಂದವರನ್ನೇ ಕೇಳುವುದು ಲೇಸು. ಬಸ್ಸಿನ ದರ ಇಳಿಸಿದ ಬೆಲೆಗಿಂತ ಕಡಿಮೆಯೇ ಆದೀತು.