ದಾರಿಯಿಲ್ಲದ ದುರ್ಗ

ಮಂಡ್ಯ ಜಿಲ್ಲೆಯ ಹೆಸರನ್ನು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಕಾವೇರಿಯ ನಾಲೆಗಳು, ಕಬ್ಬಿನ ಗದ್ದೆಗಳು, ಭತ್ತದ ಬಯಲುಗಳು. ಅಲ್ಲಿನ ಬೆಟ್ಟಗಳನ್ನು ನೆನೆಯುವವರು ವಿರಳ. ಆದರೆ ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಸಾಗಿದಂತೆಲ್ಲ ಬಯಲಿನ ನಡುವೆ ಬಂಡೆಗಲ್ಲಿನ ಬೆಟ್ಟಗಳು ಒಂದೊಂದಾಗಿ ತಲೆಯೆತ್ತುತ್ತವೆ. ಶ್ರೀರಂಗಪಟ್ಟಣದ ಬಳಿಯ ಕರೀಘಟ್ಟಕ್ಕೆ ಮೆಟ್ಟಿಲುಗಳುಂಟು. ಪಾಂಡವಪುರದ ಬಳಿ ಕುಂತಿ ಬೆಟ್ಟವುಂಟು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಆ ಪರಿಸರದಲ್ಲಿ ಬೀಡುಬಿಟ್ಟಿದ್ದುದರಿಂದ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನಾಥಪಂಥದ ಕ್ಷೇತ್ರ, ನವಿಲುಗಳ ನೆಲೆ. ಇವೆಲ್ಲ ಜನರು ಬಲ್ಲ ಬೆಟ್ಟಗಳು. ಹೊರಗಿನವರು ಅಷ್ಟಾಗಿ ಅರಿಯದ ಬೆಟ್ಟವೊಂದು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿದೆ. ಅದೇ ನಾರಾಯಣದುರ್ಗ.

ರಾಯಸಮುದ್ರದ ಸಮೀಪದಲ್ಲಿರುವ ಈ ದುರ್ಗ ಮೇಲುಕೋಟೆಗೆ ಬಹು ದೂರದಲ್ಲೇನೂ ಇಲ್ಲ. ಪ್ರತಿವರ್ಷ ವೈರಮುಡಿ ಉತ್ಸವಕ್ಕೆ ಅಪಾರ ಜನಸ್ತೋಮ ಮೇಲುಕೋಟೆಗೆ ಹರಿದುಬರುತ್ತದೆ. ಆ ಜನರಲ್ಲಿ ನಾರಾಯಣದುರ್ಗದತ್ತ ತಿರುಗುವವರು ಅತ್ಯಲ್ಪ. ಇಲ್ಲಿ ಸುಸಜ್ಜಿತ ಸೋಪಾನವಿಲ್ಲ, ಅಂಗಡಿಗಳಿಲ್ಲ. ಇರುವುದು ಕಡಿದಾದ ಬಂಡೆ, ಮುಳ್ಳಿನ ಪೊದೆ, ಕುಸಿದ ಕೋಟೆಗೋಡೆ.

ದುರ್ಗವೆಂದರೆ ಸುಲಭವಾಗಿ ಹೋಗಲಾಗದ ಸ್ಥಳವೆಂದರ್ಥ. ಹಿಂದಿನ ಅರಸರೂ ಪಾಳೆಯಗಾರರೂ ಇಂತಹ ಬೆಟ್ಟಗಳನ್ನೇ ಆರಿಸಿ ಕೋಟೆ ಕಟ್ಟಿದರು. ಬೆಟ್ಟದ ಆಶ್ರಯಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ಈ ನೆಲದ ಚರಿತ್ರೆಯೇ ಹೇಳುತ್ತದೆ. 1771ರಲ್ಲಿ ಮರಾಠರ ದಂಡು ಮೈಸೂರಿನ ಮೇಲೆ ಬಂದಾಗ ಹೈದರಾಲಿಯು ಮೇಲುಕೋಟೆಯ ಗಿರಿಗಳನ್ನು ಆಶ್ರಯಿಸಿ ನಿಂತನು. ಆ ನೆಲೆಯನ್ನು ಬಿಟ್ಟು ರಾತ್ರಿಯಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹಿಮ್ಮೆಟ್ಟುವಾಗ ಅವನ ಸೇನೆ ಚಿನಕುರಳಿಯ ಬಳಿ ದೊಡ್ಡ ಸೋಲನ್ನು ಕಂಡಿತು.

ದಾರಿಯಿಲ್ಲದ ಬೆಟ್ಟವನ್ನು ಏರುವವನು ಮೊದಲು ಊರಿನವರನ್ನು ಕೇಳಬೇಕು. ಕುರಿ ಕಾಯುವವರು ಬಲ್ಲಷ್ಟು ಬೆಟ್ಟವನ್ನು ಬೇರೆಯವರು ಬಲ್ಲರೆ? ಯಾವ ಮಗ್ಗುಲಿನಲ್ಲಿ ಕಾಲೂರಲು ಎಡೆಯಿದೆ, ಯಾವ ಕೊರಕಲು ಮುಂದೆ ಮುಚ್ಚಿಹೋಗಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಮೇಲುಕೋಟೆಯ ಸುತ್ತಣ ಕಾಡನ್ನು ತೋಳಗಳ ರಕ್ಷಣೆಗಾಗಿ 1974ರಲ್ಲಿ ವನ್ಯಜೀವಿಧಾಮವಾಗಿ ಘೋಷಿಸಲಾಯಿತು. ಈ ಸೀಮೆಯಲ್ಲಿ ಚಿರತೆಗಳ ಸಂಚಾರವೂ ಉಂಟು. ಆದುದರಿಂದ ಅರಣ್ಯ ಇಲಾಖೆಯನ್ನು ವಿಚಾರಿಸದೆ ಹೊರಡುವುದಾಗಲಿ, ಒಂಟಿಯಾಗಿ ಹೋಗುವುದಾಗಲಿ, ಕತ್ತಲಾಗುವವರೆಗೆ ಮೇಲೆ ಉಳಿಯುವುದಾಗಲಿ ಸಲ್ಲದು.

ಊರಿನವರ ಮಾತಿನ ಅನಂತರ ಮಾರ್ಗದರ್ಶನ ಮಾಡುವುದು ಕಲ್ಲು. ದಕ್ಷಿಣ ಕರ್ನಾಟಕದ ತಳಬಂಡೆ 250 ಕೋಟಿ ವರ್ಷಗಳಿಗೂ ಹಿಂದಿನದು. ಮೇಲಿನ ಮಣ್ಣು ಸವೆದು ಹೊರಬಂದ ಬಂಡೆ ಬಿಸಿಲು ಮಳೆಗಳಿಗೆ ಸಿಕ್ಕಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಗಟ್ಟಿಯಾಗಿ ಕಾಣುವ ಚಕ್ಕೆ ಕಾಲಿಟ್ಟೊಡನೆ ಜಾರಬಹುದು. ಮಳೆಗಾಲದಲ್ಲಿ ಬಂಡೆಯ ಮೇಲಣ ಕಪ್ಪು ಪಟ್ಟೆ ಪಾಚಿಯ ಗುರುತು. ಬೇಸಗೆಯ ನಡುಹಗಲಿನಲ್ಲಿ ಅದೇ ಬಂಡೆ ಕಾದ ಹೆಂಚಿನಂತಾಗುತ್ತದೆ. ಚಳಿಗಾಲದ ಬೆಳಗಿನ ಹೊತ್ತು ಏರುವುದಕ್ಕೆ ಪ್ರಶಸ್ತವಾದುದು.

ಇಂತಹ ಬೆಟ್ಟಗಳ ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಂತು ದೊಣೆಗಳಾಗುತ್ತವೆ. ಬಾವಿ ತೋಡಲಾಗದ ಗಿರಿಯ ನೆತ್ತಿಯಲ್ಲಿ ಕಾವಲಿನವರ ಪ್ರಾಣವನ್ನು ಉಳಿಸಿದುದು ಈ ದೊಣೆಗಳೇ. ಶತ್ರುವನ್ನು ಗೋಡೆ ತಡೆದೀತು, ಬಾಯಾರಿಕೆಯನ್ನು ತಡೆಯಬಲ್ಲುದೆ? ಆದರೆ ಇಂದು ಏರುವವನು ದೊಣೆಯನ್ನು ನಂಬದೆ, ಕುಡಿಯುವ ನೀರನ್ನು ತಾನೇ ಹೊತ್ತೊಯ್ಯಬೇಕು.

ಏರುವಾಗ ಕೈಗಳೂ ಕಣ್ಣುಗಳೂ ಬಂಡೆಯ ಕಡೆಗಿರುತ್ತವೆ. ಇಳಿಯುವಾಗ ಕಣ್ಣ ಮುಂದೆ ಇರುವುದು ಪ್ರಪಾತ. ಆದುದರಿಂದ ಹತ್ತಿದ ದಾರಿಯಲ್ಲಿ ಇಳಿಯಬಲ್ಲೆನೆ ಎಂಬ ಪ್ರಶ್ನೆಯನ್ನು ಪ್ರತಿ ಹೆಜ್ಜೆಯಲ್ಲಿಯೂ ಕೇಳಿಕೊಳ್ಳಬೇಕು. ಇಲ್ಲವೆಂದು ಮನಸ್ಸು ನುಡಿದರೆ, ಶಿಖರ ಹತ್ತು ಮಾರು ದೂರದಲ್ಲಿದ್ದರೂ ಹಿಂದಿರುಗುವುದೇ ವಿವೇಕ. ಹಿಂದಿರುಗಿದವನಿಗೆ ಬೆಟ್ಟ ಮರುವರ್ಷವೂ ಅಲ್ಲಿಯೇ ಕಾದಿರುತ್ತದೆ.

ಹೀಗೆ ಹೇಳುವುದು ಎಲ್ಲ ಬೆಟ್ಟಗಳಿಗೂ ಸಲ್ಲುವ ಮಾತಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಬಂಡೆಗಳನ್ನು ಸಿಡಿಮದ್ದಿಟ್ಟು ಒಡೆಯಲಾಯಿತು. ಆ ಸ್ಫೋಟಗಳಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಾದೀತೆಂಬ ಆತಂಕ ಬೆಳೆಯಿತು. 2024ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತಣ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯುವ ಆದೇಶವನ್ನು ನೀಡಿತು. ಕಡಿದ ಮರ ಚಿಗುರೀತು. ಒಡೆದ ಬೆಟ್ಟ ಮತ್ತೆ ಬೆಳೆಯದು.

ನಾರಾಯಣದುರ್ಗದ ನೆತ್ತಿಯಲ್ಲಿ ನಿಂತವನಿಗೆ ಕೆಳಗಿನ ಕೆರೆಗಳು, ಹೊಲಗಳು, ಊರುಗಳು ಒಂದೇ ನೋಟಕ್ಕೆ ದೊರೆಯುತ್ತವೆ. ಮಳೆಯ ನೀರು ಬೆಟ್ಟದ ಮಗ್ಗುಲಿನಿಂದಿಳಿದು ಕೆರೆಯನ್ನು ಸೇರುವ ಬಗೆ, ಕೆರೆಯ ಕೆಳಗೆ ಹಸಿರು ಹಬ್ಬಿರುವ ಬಗೆ ಅಲ್ಲಿಂದ ಸ್ಪಷ್ಟವಾಗುತ್ತದೆ. ಬೋಳು ಬಂಡೆಯೆಂದು ಕಡೆಗಣಿಸಿದ ಬೆಟ್ಟವೂ ಊರಿನ ಬಾಳಿಗೆ ಆಸರೆಯೆಂಬುದನ್ನು ಅರಿತು ಇಳಿಯುವವನ ಶ್ರಮ ಸಾರ್ಥಕ.

ಅಭ್ಯಾಸ

1. ನಾರಾಯಣದುರ್ಗವನ್ನು ಏರುವ ಮೊದಲು ಊರಿನವರನ್ನು ಏಕೆ ವಿಚಾರಿಸಬೇಕು?
2. ಗಿರಿದುರ್ಗಗಳಲ್ಲಿ ದೊಣೆಗಳ ಮಹತ್ವವೇನು?
3. ‘ಕಡಿದ ಮರ ಚಿಗುರೀತು, ಒಡೆದ ಬೆಟ್ಟ ಮತ್ತೆ ಬೆಳೆಯದು.’ ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
4. ನಿಮ್ಮ ಊರಿಗೆ ಸಮೀಪದ ಬೆಟ್ಟವೊಂದರ ವಿಷಯವನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.