ಅನುಮಾನ ಬಂದ ದಿನವೇ ಬಾಯಿಬಿಟ್ಟು ಹೇಳಿ

ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಹತ್ತು ಜನರ ಸಾಫ್ಟ್‌ವೇರ್ ಕಂಪನಿ ಸೇರಿರುವ ತಮ್ಮಂದಿರೇ, ತಂಗಿಯರೇ, ದೊಡ್ಡ ಕಂಪನಿಗಳಲ್ಲಿ ಗ್ರಾಹಕರೊಡನೆ ಮಾತಾಡುವುದಕ್ಕೆ ಬೇರೆಯೇ ಜನರಿರುತ್ತಾರೆ. ನಿಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಕೋಡ್ ಬರೆದವರೇ ಮಧ್ಯಾಹ್ನ ಗ್ರಾಹಕರ ಫೋನ್ ಎತ್ತಬೇಕು, ಸಂಜೆ ಹೊಸಬರಿಗೆ ಕೆಲಸ ಕಲಿಸಬೇಕು. ಮಾತೂ ನಿಮ್ಮ ಕಸುಬೇ. ಆ ಮಾತು ಸಾಲದೆ ಹೋದರೆ ಏನಾಗುತ್ತದೆ ನೋಡಿ.

1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಬಳಿ ಹೋಗಿ ಕಳೆದುಹೋಯಿತು. ಒಂದು ಕಡೆಯ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಲೆಕ್ಕವೆಂದೇ ಬಳಸಿದರು. ಇಷ್ಟು ಕತೆ ನಿಮಗೆ ಕಾಲೇಜಿನಲ್ಲೇ ಗೊತ್ತು. ಆದರೆ ತನಿಖಾ ಮಂಡಳಿ ಬೇರೆ ಕಾರಣಗಳನ್ನೂ ಎತ್ತಿ ತೋರಿಸಿತು, ಅದರಲ್ಲೊಂದು ತಂಡಗಳ ನಡುವೆ ಸಾಲದ ಮಾತುಕತೆ. ಪಥದ ಲೆಕ್ಕ ಹೊಂದುತ್ತಿಲ್ಲವೆಂಬ ಅನುಮಾನ ಪಥ ನೋಡಿಕೊಳ್ಳುವವರಿಗೆ ಮೊದಲೇ ಬಂದಿತ್ತು. ಅದು ತಲುಪಬೇಕಾದವರನ್ನು ತಲುಪಬೇಕಾದ ರೀತಿಯಲ್ಲಿ ತಲುಪಲಿಲ್ಲ.

ಆದ್ದರಿಂದ ಅನುಮಾನವನ್ನು ಬಂದ ದಿನವೇ ಹೇಳಿ. ಕಾರಿಡಾರಿನಲ್ಲಿ ಅಂದು ಸುಮ್ಮನಾಗಬೇಡಿ, ನಾಲ್ಕು ಸಾಲು ಬರೆದು ಕಳಿಸಿ. ಶುಕ್ರವಾರಕ್ಕೆ ಕೊಡಬೇಕಾದ್ದು ಆಗುವುದಿಲ್ಲವೆಂದು ಮಂಗಳವಾರ ತಿಳಿದರೆ ಮಂಗಳವಾರವೇ ತಿಳಿಸಿ. ‘ಮುಗೀತಾ ಬಂತು ಸರ್’ ಎಂಬುದು ಉತ್ತರವಲ್ಲ. ಏನು ಮುಗಿದಿದೆ, ಏನು ಬಾಕಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂಬುದೇ ಉತ್ತರ. ‘ನನಗೆ ಗೊತ್ತಿಲ್ಲ, ನೋಡಿ ಸಂಜೆ ಹೇಳುತ್ತೇನೆ’ ಎನ್ನುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಸಂಜೆ ಹೇಳದಿದ್ದರೆ ಮಾತ್ರ ಹೋಗುತ್ತದೆ.

ಇನ್ನು ಕೇಳಿಸಿಕೊಳ್ಳುವುದು. ಅಡಿಕೆ ಮಂಡಿಯ ಮಾಲೀಕರೊಬ್ಬರು ‘ನಿಮ್ಮ ಸಾಫ್ಟ್‌ವೇರ್ ಕೆಟ್ಟೋಗಿದೆ’ ಎಂದು ರೇಗಿದರೆ, ಸರ್ವರ್ ಸರಿಯಾಗಿಯೇ ಇದೆ ಎಂದು ವಾದಕ್ಕಿಳಿಯಬೇಡಿ. ಯಾವ ಬಿಲ್ಲು, ಯಾವಾಗಿನಿಂದ, ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ನಿಧಾನವಾಗಿ ಕೇಳಿ. ಅವರ ಎದುರಿಗೆ ಲಾರಿ ನಿಂತಿರಬಹುದು, ಬಿಲ್ಲಿಲ್ಲದೆ ಅದು ಹೊರಡುವಂತಿಲ್ಲ. ಆ ಅವಸರ ಅರ್ಥವಾದರೆ ನಿಮ್ಮ ದನಿ ತಾನಾಗಿಯೇ ಬದಲಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒತ್ತಿ ಹೇಳಬೇಕು: ಸಾಫ್ಟ್ ಸ್ಕಿಲ್ಸ್ ಎಂದರೆ ಪಟಪಟನೆ ಇಂಗ್ಲಿಷ್ ಆಡುವುದಲ್ಲ. ಇಂಗ್ಲಿಷ್ ಕಲಿಯಿರಿ, ಅದು ಬೇಕು. ಆದರೆ ಆ ಮಂಡಿಯ ಮಾಲೀಕರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ನೀವು ನಿಮ್ಮ ಕಂಪನಿಗೆ ದೊಡ್ಡ ಆಸ್ತಿ.

ಸಹೋದ್ಯೋಗಿಯ ತಪ್ಪನ್ನು ತೋರಿಸುವಾಗ ಕೋಡಿನ ಬಗ್ಗೆ ಮಾತಾಡಿ, ಅವರ ಬುದ್ಧಿಯ ಬಗ್ಗೆ ಬೇಡ. ನೋಯಿಸಿದರೆ ಮಾತೇ ನಿಂತುಹೋದೀತು. ಐದು ಜನರ ನಡುವೆ 10 ಜೋಡಿ ಮಾತುಕತೆ ನಡೆಯಬೇಕು, ಹತ್ತು ಜನರಾದರೆ ಅದು 45 ಆಗುತ್ತದೆ. 1975ರಲ್ಲೇ ಫ್ರೆಡ್ ಬ್ರೂಕ್ಸ್ ತಮ್ಮ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಈ ಲೆಕ್ಕ ಕೊಟ್ಟಿದ್ದರು. ಸಣ್ಣ ಆಫೀಸಿನಲ್ಲಿ ಇಬ್ಬರು ಮಾತು ಬಿಟ್ಟರೆ ಎಲ್ಲರ ಕೆಲಸಕ್ಕೂ ತಡೆಯಾಗುತ್ತದೆ.

ಇದಾವುದಕ್ಕೂ ದುಬಾರಿ ತರಬೇತಿ ಬೇಕಿಲ್ಲ. ವಾರಕ್ಕೊಮ್ಮೆ ಗ್ರಾಹಕರ ಅಂಗಡಿಗೆ ಹೋಗಿ, ನೀವು ಬರೆದದ್ದನ್ನು ಅವರು ಹೇಗೆ ಬಳಸುತ್ತಾರೆಂದು ಪಕ್ಕದಲ್ಲಿ ಕೂತು ನೋಡಿ. ಮತ್ತು ಯಾವುದಾದರೂ ಅನುಮಾನ ಈಗಲೂ ನಿಮ್ಮೊಳಗೇ ಉಳಿದಿದ್ದರೆ, ದಯವಿಟ್ಟು ನಾಳೆ ಬೆಳಿಗ್ಗೆಯೇ ಹೇಳಿಬಿಡಿ.