ಬೇಸಿಗೆಯ ಹಾಲು ಮತ್ತು ಲ್ಯಾಕ್ಟೋಮೀಟರ್

ಹಿರೋಳ್ಳಿ ಮೊದಲಾದ ಆಳಂದ ತಾಲೂಕಿನ ಊರುಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಹಿಂಡಿದ ಹಾಲು ಮೈಕಾವಿನಲ್ಲಿಯೇ ಇರುತ್ತದೆ. ಚಳಿಗಾಲದಲ್ಲಿ ಸಂಘಕ್ಕೆ ಒಯ್ಯುವಷ್ಟರಲ್ಲಿ ಅದು ತಣಿಯುತ್ತದೆ, ಬೇಸಿಗೆಯಲ್ಲಿ ಬೇಗ ತಣಿಯದು. ಬಿಸಿ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುವುದರಿಂದ, ಹನಿ ನೀರು ಬೆರೆಸದ ರೈತನ ಮೇಲೂ ನೀರು ಹಾಕಿದ ಅಪವಾದ ಬರುವುದುಂಟು.

ಲ್ಯಾಕ್ಟೋಮೀಟರ್ ಎಂದರೆ ಹಾಲಿನ ಸಾಂದ್ರತೆ ಅಳೆಯುವ ತೇಲುಮಾಪಕ. ಕೆಳಗೆ ಭಾರ ತುಂಬಿದ ಗಾಜಿನ ಬುರುಡೆ, ಮೇಲೆ ಅಂಕಿಗಳುಳ್ಳ ಸಣ್ಣ ಕೊಳವೆ. ದ್ರವ ಹಗುರಾದಷ್ಟೂ ಅದು ಆಳಕ್ಕೆ ಇಳಿಯುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯ ಆಮ್ಲ ನೋಡುವ ಹೈಡ್ರೋಮೀಟರ್, ಕಬ್ಬಿನ ಹಾಲಿನ ಸಕ್ಕರೆ ಅಂಶ ನೋಡುವ ಬ್ರಿಕ್ಸ್ ಹೈಡ್ರೋಮೀಟರ್ ಎರಡೂ ಇದರ ದಾಯಾದಿಗಳೇ. ಕೊಳವೆಯ 30ನೇ ಗೆರೆ ಎಂದರೆ ಸಾಪೇಕ್ಷ ಸಾಂದ್ರತೆ 1.030. ಆಕಳ ಹಾಲು ಸಾಮಾನ್ಯವಾಗಿ 28ರಿಂದ 30, ಎಮ್ಮೆ ಹಾಲು 30ರಿಂದ 32 ತೋರಿಸುತ್ತದೆ.

ಪ್ರತಿ ಲ್ಯಾಕ್ಟೋಮೀಟರ್ ಒಂದು ಗೊತ್ತಾದ ಕಾವಿಗೆ ಸರಿಹೊಂದಿಸಿದ್ದು. ಆ ಅಂಕಿ ಅದರ ಮೇಲೆಯೇ ಇರುತ್ತದೆ. ಅದನ್ನು ಓದದೆ ಅಳೆಯುವುದು ತಪ್ಪು. 60 ಡಿಗ್ರಿ ಫ್ಯಾರನ್‌ಹೀಟ್‌ನ ಲ್ಯಾಕ್ಟೋಮೀಟರಿನಲ್ಲಿ ಕಾವು ಒಂದು ಡಿಗ್ರಿ ಏರಿದರೆ 0.1 ಕೂಡಿಸಬೇಕು, ಇಳಿದರೆ ಅಷ್ಟೇ ಕಳೆಯಬೇಕು. ಹಾಲು 80 ಡಿಗ್ರಿಯಿದ್ದು 27 ತೋರಿದರೆ, 2 ಕೂಡಿಸಿದಾಗ ನಿಜವಾದ ಅಳತೆ 29 ಆಗುತ್ತದೆ. ಈ ಎರಡು ಅಂಕಿಯ ವ್ಯತ್ಯಾಸವೇ ರೈತನ ಮರ್ಯಾದೆಯ ವ್ಯತ್ಯಾಸ.

ಮೈಕಾವಿನ ಹಾಲಿಗೆ ಈ ಲೆಕ್ಕ ನೆಚ್ಚಬಾರದು. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ತಣಿಸಿ, ಹಿಂಡಿ ಒಂದೆರಡು ಗಂಟೆ ಕಳೆದ ಮೇಲೆ ಅಳೆಯುವುದು ಒಳ್ಳೆಯದು. ಆಗತಾನೆ ಹಿಂಡಿದ ಹಾಲಿನಲ್ಲಿ ಗಾಳಿಯ ಗುಳ್ಳೆಗಳಿದ್ದು ಅಳತೆ ಕಡಿಮೆ ಬರುತ್ತದೆ. ಕೆನೆ ಸೇರುವಂತೆ ನೊರೆ ಏಳದಂತೆ ಕಲಕಬೇಕು. ಗಾಜು ಪಾತ್ರೆಯ ಅಂಚಿಗೆ ತಾಗಬಾರದು.

ಇನ್ನು ಲ್ಯಾಕ್ಟೋಮೀಟರನ್ನೇ ಮೋಸಗೊಳಿಸುವ ವಿಷಯ. 30ರ ಹಾಲಿನ 9 ಲೀಟರಿಗೆ 1 ಲೀಟರ್ ನೀರು ಸೇರಿದರೆ ಅಳತೆ 27ಕ್ಕೆ ಇಳಿಯುತ್ತದೆ. ಆದರೆ ಜಿಡ್ಡು ಹಾಲಿನ ಬೇರೆ ಅಂಶಗಳಿಗಿಂತ ಹಗುರ. ಕೆನೆ ತೆಗೆದರೆ ಅಳತೆ 34ರ ಸುಮಾರಿಗೆ ಏರುತ್ತದೆ. ಅಂಥ 88 ಭಾಗ ಹಾಲಿಗೆ 12 ಭಾಗ ನೀರು ಬೆರೆಸಿದರೆ ಮತ್ತೆ 30! ಕೆನೆ ತೆಗೆದು ನೀರು ಹಾಕಿದವನು ಪಾರಾಗುತ್ತಾನೆ, ಶುದ್ಧ ಹಾಲು ತಂದವನು ಕಾವಿನಿಂದ ಸಿಕ್ಕಿಬೀಳುತ್ತಾನೆ. ಇದನ್ನು ಹಿಡಿಯಲು ಗರ್ಬರ್ ವಿಧಾನದ ಜಿಡ್ಡಿನ ಪರೀಕ್ಷೆ ಬೇಕು. ಸಂಘದಲ್ಲಿ ಹಾಲು ತಿರಸ್ಕರಿಸಿದರೆ, ಓದಿದ ಅಂಕಿಯ ಜೊತೆಗೆ ಹಾಲಿನ ಕಾವು ಎಷ್ಟಿತ್ತು, ಜಿಡ್ಡು ಎಷ್ಟು ಬಂತು ಎಂದು ಕೇಳಿ ಬರೆಯಿಸಿಕೊಳ್ಳಬೇಕು.